ಗೋಲಿಗೆ ಹಾಕಿದ ಗರಡಿ ಮಣ್ಣು

ಹದಿನೆಂಟು ವರ್ಷ ಫುಟ್‌ಬಾಲ್ ಕ್ಲಬ್ಬಿನ ಅನ್ನ ತಿಂದವನು ನಾನು. ಆದರೆ ಚೆಂಡನ್ನು ಒದೆಯಲು ಹೋದದ್ದು ಒಂದೇ ಸಲ. ಅದೂ ಕಾಲು ಚೆಂಡಿಗೆ ತಗುಲದೆ ಪಕ್ಕದಲ್ಲಿದ್ದ ನೀರಿನ ಬಕೆಟ್ಟಿಗೆ ತಗುಲಿ, ಹೆಬ್ಬೆರಳು ಊದಿಕೊಂಡು ಎಂಟು ದಿನ ಕುಂಟಿದೆ. ಹನ್ನೊಂದು ಮಂದಿಯ ಕಾಲು ನೋಡಿಕೊಳ್ಳುವವನೇ ಕುಂಟುತ್ತಾನಲ್ಲ ಎಂದು ಆಟಗಾರರು ನಕ್ಕಿದ್ದೇ ನಕ್ಕಿದ್ದು.

ನನ್ನ ಕೆಲಸ ಆಟಗಾರರ ಮೈ ಕಾಯುವುದು. ಮಾಲೀಶು ಮಾಡುವುದು, ಉಳುಕು ತೆಗೆಯುವುದು, ಬೆಳಗಿನ ಕಸರತ್ತು ಮಾಡಿಸುವುದು, ಅವರ ಊಟದ ಮೇಲೆ ಕಣ್ಣಿಡುವುದು. ಈಗ ಇಂಥವನಿಗೆ ಟ್ರೇನರ್ ಎನ್ನುತ್ತಾರೆ. ನನ್ನನ್ನು ಪುಣೆಯಲ್ಲಿ ಎಲ್ಲರೂ ಕರೆದದ್ದು ವಸ್ತಾದ ಎಂದು. ಗರಡಿಯಲ್ಲಿ ಕುಸ್ತಿ ಕಲಿಸುವವನಿಗೆ ಇರುವ ಹೆಸರು ಅದು, ನನಗೆ ಅದೇ ಅಂಟಿಕೊಂಡಿತು. ಸ್ವಾತಂತ್ರ್ಯ ಬಂದ ಮಳೆಗಾಲದಲ್ಲಿ ನಾನು ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದಿರುವ ಹೊಸಬ ಬಹಳ ಓದಿದವನು. ಮೊನ್ನೆ ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಎಂದು ಕೂತ. ಕ್ಲಬ್ಬು ಗೆದ್ದ ಕಪ್ಪುಗಳ ವಿಚಾರ ನಾನು ಬರೆಯುವುದಿಲ್ಲ. ಅವು ಕಪಾಟಿನಲ್ಲಿವೆ, ಬೇಕಾದವರು ನೋಡಿಕೊಳ್ಳಬಹುದು. ನಾನು ಮಾಡಿದ ತಪ್ಪುಗಳು ಯಾವ ಕಪಾಟಿನಲ್ಲೂ ಇಲ್ಲವಾದ್ದರಿಂದ ಅವನ್ನೇ ಬರೆಯುತ್ತೇನೆ.

ನಾನು ಜಮಖಂಡಿ ಕಡೆಯವನು. ಕುಸ್ತಿ ಆಡಿಕೊಂಡು ಪುಣೆಗೆ ಬಂದೆ, ಒಂದು ಕುಸ್ತಿಯಲ್ಲಿ ಭುಜದ ಎಲುಬು ಸರಿಯಿತು, ಅಲ್ಲಿಗೆ ಆಟ ಮುಗಿಯಿತು. ಆಮೇಲೆ ಮಂಗಳವಾರ ಪೇಠೆಯ ಒಂದು ತಾಲೀಮಿನಲ್ಲಿ, ಎಂದರೆ ಅಲ್ಲಿನ ಗರಡಿಯಲ್ಲಿ, ಹುಡುಗರಿಗೆ ಪಟ್ಟು ಹೇಳಿಕೊಡುತ್ತ, ಬಂದವರ ಉಳುಕು ತೆಗೆಯುತ್ತ ದಿನ ಕಳೆಯುತ್ತಿದ್ದೆ. ಒಂದು ಸಂಜೆ ಕರಿ ಟೊಪ್ಪಿಗೆ, ಬಗಲಲ್ಲಿ ಕೊಡೆ ಹಿಡಿದ ಒಬ್ಬರು ಕುಂಟುವ ಆಳನ್ನು ಕರೆದುಕೊಂಡು ಬಂದರು. ಅವರು ಧಾರವಾಡದ ಗೋವಿಂದರಾವ್ ದೇಸಾಯರು, ದಂಡಿನ ಒಂದು ಕಚೇರಿಯಲ್ಲಿ ಕಾರಕೂನರು, ಭೀಮಥಡಿ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ಕುಂಟುತ್ತಿದ್ದವನು ಆ ಕ್ಲಬ್ಬಿನ ಕ್ಯಾಪ್ಟನ್ ಬಾಬುರಾವ್, ದೌಂಡದ ರೈಲ್ವೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಮರಾಠಾ. ನಾನು ಅವನ ಹಿಮ್ಮಡಿ ಹಿಡಿದು ಒಂದು ಸಲ ತಿರುವಿದೆ. ಬಾಬುರಾವ್ ತನ್ನ ಅವ್ವನನ್ನು ನೆನೆದ, ಆಮೇಲೆ ಎದ್ದು ನೆಟ್ಟಗೆ ನಡೆದ.

ದೇಸಾಯರು ಅಲ್ಲೇ ನಿಂತು ಕೇಳಿದರು, "ವಸ್ತಾದ್ರ, ನಮ್ಮ ಕ್ಲಬ್ಬಿಗೆ ಬರ್ತೀರೇನು?"

"ನನಗ ಫುಟ್‌ಬಾಲ್ ಅಂದ್ರ ಏನಂತ ಗೊತ್ತಿಲ್ರೀ ರಾಯರ."

"ನಿಮಗ ಯಾಕ ಗೊತ್ತಾಗಬೇಕು? ಕಾಲು ಗೊತ್ತದಲ್ಲ, ಸಾಕು. ಫುಟ್‌ಬಾಲ್ ಗೊತ್ತಿದ್ದ ಮಂದಿ ನಮ್ಮಲ್ಲಿ ಭಾಳ ಇದ್ದಾರ, ಅದಕ್ಕೇ ಸೋಲಾಕತ್ತೀವಿ."

ಹೀಗೆ ಸೇರಿಕೊಂಡೆ. ಆಗ ಊರಿನ ಲೀಗಿನಲ್ಲಿ ಮೂರು ದರ್ಜೆ ಇದ್ದವು. ನಾವು ಮೂರನೆಯದರಲ್ಲಿ, ಅದರಲ್ಲೂ ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿದ್ದೆವು. ಆದರೆ ನಮ್ಮಲ್ಲೊಂದು ವಿಶೇಷವಿತ್ತು. ಊರಿನ ಬೇರೆ ಕ್ಲಬ್ಬಿನವರು ಹೌಸಿಗೆ, ಬರಿಯ ಖುಷಿಗೆ, ಆಡುತ್ತಿದ್ದರು, ನಮ್ಮ ಕ್ಲಬ್ಬು ಆಟಗಾರರಿಗೆ ತಿಂಗಳ ಪಗಾರ ಕೊಡುತ್ತಿತ್ತು. ಅದರಿಂದ ಹೊಟ್ಟೆ ತುಂಬುತ್ತಿರಲಿಲ್ಲ, ಎಲ್ಲರಿಗೂ ಇನ್ನೊಂದು ಕೆಲಸ ಇದ್ದೇ ಇತ್ತು. ಆದರೂ ನಾವು ಸೋತಾಗಲೆಲ್ಲ ಮೈದಾನದ ಸುತ್ತ ನಿಂತವರು "ಪಗಾರಿ, ಪಗಾರಿ" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದರೆ ದೇಸಾಯರು ಮಳೆಯಿಲ್ಲದಿದ್ದರೂ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು.

ನನ್ನ ಮೊದಲ ಪಂದ್ಯದ ದಿನವೇ ನಾನು ಕ್ಲಬ್ಬನ್ನು ಸೋಲಿಸಿದೆ. ಗರಡಿಯವನಿಗೆ ಖುರಾಕು ಎಂದರೆ ದೇವರ ನೈವೇದ್ಯ. ಬಾದಾಮಿ ಅರೆದು, ಗಸಗಸೆ ಸೇರಿಸಿ, ಹಾಲಿನಲ್ಲಿ ಕುದಿಸಿ, ಮೇಲೆ ತುಪ್ಪ ಬಿಟ್ಟು, ಪಂದ್ಯಕ್ಕೆ ಒಂದು ತಾಸು ಮುಂಚೆ ಒಬ್ಬೊಬ್ಬರಿಗೆ ಒಂದೊಂದು ತಂಬಿಗೆ ಕುಡಿಸಿದೆ. ಬೇಡ ಎಂದವರ ಮೂಗು ಹಿಡಿಯುವುದೊಂದು ಬಾಕಿ. ಆಟ ಶುರುವಾಗಿ ಕಾಲು ತಾಸಿನಲ್ಲಿ ನಮ್ಮವರು ಮದುವೆ ಊಟ ಮುಗಿಸಿದ ಬೀಗರ ಹಾಗೆ ನಡೆಯತೊಡಗಿದರು. ಎಡಗಡೆ ಓಡುವವನು ಮೂಲೆಯ ಬಾವುಟ ಹಿಡಿದುಕೊಂಡು ಕುಡಿದದ್ದನ್ನೆಲ್ಲ ಹೊರಗೆ ಹಾಕಿದ. ಆರು ಗೋಲು ತಿಂದೆವು.

"ವಸ್ತಾದ್ರ," ಎಂದರು ದೇಸಾಯರು, "ನಮ್ಮ ಹುಡುಗರು ಗೋಲ್ ತಿಂದಿದ್ದು ಖರೆ, ಆದರ ಅದಕ್ಕ ಮೊದಲ ನೀವು ತಿನ್ನಿಸಿದ್ದು ಭಾಳ ಆತು."

ಸಿಟ್ಟು ಮಾಡಲಿಲ್ಲ ಅವರು. ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು. ಅಂದಿನಿಂದ ಪಂದ್ಯದ ದಿನ ಮಧ್ಯಾಹ್ನವೇ ಹಗುರ ಊಟ, ಆಮೇಲೆ ಒಂದು ಹಿಡಿ ಚುರುಮುರಿ, ಬೆಲ್ಲ, ನಿಂಬೆಹಣ್ಣಿನ ನೀರು. ಹೊಸಬನಿಗೆ ಹೇಳುವುದಿಷ್ಟೇ: ಕುಸ್ತಿ ಕಾಲು ತಾಸಿನಲ್ಲಿ ಮುಗಿಯುತ್ತದೆ, ಫುಟ್‌ಬಾಲು ಮುಗಿಯುವುದಿಲ್ಲ. ಓಡುವವನ ಹೊಟ್ಟೆ ಹಗುರ ಇರಲಿ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಉಳುಕಿದ ಕಾಲನ್ನು ಬಿಸಿ ಎಣ್ಣೆ ಹಚ್ಚಿ ಆಗಿಂದಾಗಲೇ ತಿಕ್ಕುವುದು ನಮ್ಮ ಗರಡಿಯ ಪದ್ಧತಿ. ಎರಡು ವರ್ಷ ಹಾಗೇ ಮಾಡಿದೆ. ನನ್ನ ಕೈ ಬಿದ್ದ ಮೇಲೆ ಊತ ಯಾಕೆ ಹೆಚ್ಚುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಕೊನೆಗೆ ದಂಡಿನ ಆಸ್ಪತ್ರೆಯ ಒಬ್ಬ ಮುದುಕ ಕಂಪೌಂಡರ್ ಆಟ ನೋಡಲು ಬಂದವನು ನನ್ನ ಕೈಯಿಂದ ಎಣ್ಣೆಯ ಬಟ್ಟಲು ಕಸಿದುಕೊಂಡು, ತಣ್ಣೀರಿನ ಬಟ್ಟೆ ಸುತ್ತಿ, ಎರಡು ದಿನ ಈ ಕಾಲನ್ನು ಮುಟ್ಟಿದರೆ ನಿನ್ನ ಕೈ ಮುರಿಯುತ್ತೇನೆ ಎಂದ. ಎರಡು ದಿನದಲ್ಲಿ ಊತ ಇಳಿಯಿತು. ನನ್ನ ಗುರು ಹೇಳಿದ್ದು ತಪ್ಪು ಎಂದು ಒಪ್ಪಿಕೊಳ್ಳಲು ಮಾತ್ರ ನನಗೆ ಎರಡು ತಿಂಗಳು ಬೇಕಾಯಿತು.

ಅಂತೂ ಮೂರನೆಯ ದರ್ಜೆಯಿಂದ ಎರಡನೆಯದಕ್ಕೆ ಏರಿದೆವು. ಅಲ್ಲಿ ಬಂದು ಸಿಕ್ಕಿಕೊಂಡೆವು. ಎರಡು ವರ್ಷ ಸಾಲಾಗಿ ಮೊದಲ ದರ್ಜೆಯ ಬಾಗಿಲವರೆಗೆ ಹೋಗಿ ವಾಪಸು ಬಂದೆವು. ಕಾರಣ ಒಂದೇ, ನಮ್ಮ ಗೋಲ್‌ಕೀಪರ್ ಶೀನ.

ಶೀನ ಉಡುಪಿ ಕಡೆಯವನು, ಇಪ್ಪತ್ತಮೂರು ವರ್ಷದ ಎತ್ತರದ ಆಳು, ಹೆಬ್ಬಾರರ ಹೋಟೆಲಿನಲ್ಲಿ ಸಪ್ಲೈಯರ್. ಒಂದು ಕೈಯಲ್ಲಿ ಆರು ಚಹಾದ ಗ್ಲಾಸು ಹಿಡಿದು, ಗಿರಾಕಿಗಳ ನಡುವೆ ನುಸುಳಿ, ಒಂದು ಹನಿ ಚೆಲ್ಲದೆ ತಲುಪಿಸುತ್ತಿದ್ದ. ಆ ಕೈ ನೋಡಿಯೇ ದೇಸಾಯರು ಅವನನ್ನು ಕ್ಲಬ್ಬಿಗೆ ಕರೆತಂದದ್ದು. ತಲೆಯ ಮೇಲೆ ಬಂದ ಚೆಂಡು, ಎದೆಗೆ ಬಂದ ಚೆಂಡು ಅವನ ಕೈ ತಪ್ಪಿದ್ದೇ ಇಲ್ಲ. ಆದರೆ ನೆಲ ಹಿಡಿದು ಮೂಲೆಗೆ ಬಂದ ಚೆಂಡಿಗೆ ಮೈ ಚೆಲ್ಲಬೇಕಲ್ಲ, ಅದು ಅವನಿಂದ ಆಗುತ್ತಿರಲಿಲ್ಲ. ನಿಂತಲ್ಲಿಂದ ಒಂದು ಕಾಲು ಚಾಚುತ್ತಿದ್ದ. ಚೆಂಡು ಒಳಗೆ ಹೋಗುತ್ತಿತ್ತು. ಇವನು ಗಿರಾಕಿಯನ್ನು ಕಳಿಸಿಕೊಟ್ಟವನ ಹಾಗೆ ಅದನ್ನೇ ನೋಡುತ್ತ ನಿಲ್ಲುತ್ತಿದ್ದ.

ಮೂರನೆಯ ವರ್ಷ ಕ್ಲಬ್ಬಿನ ಹಿರಿಯರು ಒಂದು ನಿರ್ಧಾರ ಮಾಡಿದರು. ಈ ಸಲ ಮೊದಲ ದರ್ಜೆಗೆ ಏರದಿದ್ದರೆ ಪಗಾರ ನಿಲ್ಲಿಸುವುದು. ಪಗಾರ ನಿಂತರೆ ಬಾಬುರಾವ್ ದೌಂಡದಿಂದ ಬರುವವನಲ್ಲ, ಉಳಿದವರೂ ಚದುರುತ್ತಾರೆ, ನಾನು ತಾಲೀಮಿನ ಮೂಲೆಗೆ. ಶೀನನ ಬದಲಿಗೆ ದೇಹೂ ರೋಡಿನ ಒಬ್ಬನನ್ನು ತರೋಣ ಎಂದೂ ಮಾತಾಯಿತು. ದೇಸಾಯರು ಕೊಡೆಯನ್ನು ಮೇಜಿಗೆ ಕುಟ್ಟಿ ಒಂದು ತಿಂಗಳ ಮುದ್ದತು ತಂದರು. ನೇರವಾಗಿ ನನ್ನ ಹತ್ತಿರ ಬಂದರು.

"ವಸ್ತಾದ್ರ, ಗರಡ್ಯಾಗ ಮೊದಲ ಏನ ಕಲಸ್ತೀರಿ?"

"ಬೀಳೋದು ರೀ. ಬೀಳಾಕ ಬರಲಾರದವಗ ಕುಸ್ತಿ ಇಲ್ಲ."

"ಹಂಗಾದ್ರ ಶೀನಗ ಬೀಳೋದು ಕಲಸ್ರಿ. ನಮ್ಮ ಕ್ಲಬ್ ಏಳಬೇಕಾದ್ರ ಅವ ಬೀಳಬೇಕು."

ಮರುದಿನ ಬೆಳಿಗ್ಗೆ ಶೀನನನ್ನು ತಾಲೀಮಿಗೆ ಕರೆಸಿದೆ. ಅಲ್ಲಿನ ಗೂಡಿನಲ್ಲಿರುವ ಹನುಮಪ್ಪನ ಮುಂದೆ ತೆಂಗಿನಕಾಯಿ ಒಡೆಸಿ, ಕೆಂಪು ಮಣ್ಣು ಮುಟ್ಟಿ ನಮಸ್ಕಾರ ಮಾಡಿಸಿದೆ. ಗರಡಿಯ ಮಣ್ಣು ಅಂಗಳದ ಮಣ್ಣಲ್ಲ. ಜರಡಿ ಹಿಡಿದು, ಅದಕ್ಕೆ ಮಜ್ಜಿಗೆ, ಎಣ್ಣೆ, ಅರಿಸಿನ, ನಿಂಬೆರಸ ಹಾಕಿ ವಾರಗಟ್ಟಲೆ ಹದ ಮಾಡಿರುತ್ತೇವೆ. ಬಿದ್ದವನಿಗೆ ಹಾಸಿಗೆ ಅದು. ನಾನು ಇದನ್ನೆಲ್ಲ ಭಕ್ತಿಯಿಂದ ವಿವರಿಸಿದೆ. ಹೋಟೆಲಿನವನು ಒಂದು ಚಿಟಿಕೆ ಎತ್ತಿ ಮೂಸಿ ನೋಡಿದ.

"ಮಜ್ಜಿಗೆ ಕಡಿಮೆ ಆಯ್ತು, ವಸ್ತಾದರೆ."

"ಏ ತಮ್ಮಾ, ಇದೇನ್ ತಂಬುಳಿ ಅಲ್ಲೋ, ಮಣ್ಣು!"

ಆದರೆ ಬೀಳು ಎಂದರೆ ಬೀಳಲೊಲ್ಲ. ಮೊಣಕಾಲು ಬಗ್ಗಿಸುತ್ತಾನೆ, ಕೈ ಊರುತ್ತಾನೆ, ಎದ್ದು ನಿಲ್ಲುತ್ತಾನೆ. ಎರಡು ದಿನ ಹೀಗೇ ಕಳೆಯಿತು. ನಾನು ಬೈದೆ. ಅವನ ಕಣ್ಣಲ್ಲಿ ನೀರು ಬಂತು.

"ನನಗೆ ಹೆದರಿಕೆ ಅಂತ ಎಲ್ಲರೂ ಹೇಳ್ತಾರೆ. ಪೆಟ್ಟಿನ ಹೆದರಿಕೆ ಅಲ್ಲ ವಸ್ತಾದರೆ. ಹೋಟೆಲಿಗೆ ಸೇರಿದ ದಿನ ಧಣಿಗಳು ಒಂದೇ ಮಾತು ಹೇಳಿದ್ದು, 'ಏನು ಬೇಕಾದ್ರೂ ಮಾಡು, ಬೀಳ್ಬೇಡ. ಬಿದ್ದವನಿಗೆ ಇಲ್ಲಿ ಕೆಲಸ ಇಲ್ಲ' ಅಂತ. ಒಂಬತ್ತು ವರ್ಷ ಆಯ್ತು, ಒಂದು ದಿನ ಬೀಳ್ಲಿಲ್ಲ. ಈಗ ಮೈಯೇ ಕೇಳುವುದಿಲ್ಲ. ನಾನು ಎಂತ ಮಾಡ್ಲಿ?"

ನಾನು ಬೈಯುವುದನ್ನು ನಿಲ್ಲಿಸಿದೆ. ಅವನದು ಅಂಜಿಕೆಯಲ್ಲ, ವಿದ್ಯೆ. ನಾನು ಹನ್ನೆರಡು ವರ್ಷ ಬೀಳುವುದನ್ನು ಕಲಿತ ಹಾಗೆ ಅವನು ಒಂಬತ್ತು ವರ್ಷ ಬೀಳದಿರುವುದನ್ನು ಕಲಿತಿದ್ದ. ಮನೆಗೆ ಹೋಗಿ ಇದನ್ನೇ ಯೋಚಿಸಿದೆ.

ಮೂರನೆಯ ದಿನ ಅವನ ಕೈಗೆ ಒಂದು ಹಿತ್ತಾಳೆಯ ಲೋಟದ ತುಂಬ ಮಜ್ಜಿಗೆ ಕೊಟ್ಟೆ. "ಹನುಮಪ್ಪಗ ಮುಟ್ಟಿಸಿ ಬಾ" ಎಂದೆ. ಅವನು ಮಣ್ಣಿನ ನಡುವೆ ಹೋಗುತ್ತಿದ್ದಾಗ ಹಿಂದಿನಿಂದ ಕಾಲು ಕೊಟ್ಟೆ. ಎಂಥ ಪೈಲ್ವಾನನೂ ಮೆಚ್ಚುವ ಹಾಗೆ ಬಿದ್ದ! ಭುಜ ಕೊಟ್ಟು, ಮೈ ಹೊರಳಿಸಿ, ಲೋಟವನ್ನು ಎದೆಗೆ ಅವಚಿಕೊಂಡು. ಲೋಟ ನೆಟ್ಟಗೆ ಇತ್ತು. ಮಜ್ಜಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

"ಬೀಳಾಕ ಬರ್ತೈತಲ್ಲೋ ನಿನಗ!" ಎಂದು ಕೂಗಿದೆ.

ಅವನು ಮಲಗಿದಲ್ಲೇ ಲೋಟವನ್ನು ನೋಡುತ್ತಿದ್ದ. "ನಾನು ಬೀಳ್ಲಿಲ್ಲ, ವಸ್ತಾದರೆ. ಲೋಟ ಉಳಿಸಿದ್ದು."

ಅಲ್ಲಿಂದ ಮುಂದೆ ನಾನು ಬೀಳು ಎನ್ನುವ ಮಾತನ್ನೇ ಬಿಟ್ಟೆ. ಚೆಂಡನ್ನು ಮೂಲೆಗೆ ಎಸೆದು "ಲೋಟಾ!" ಎನ್ನುತ್ತಿದ್ದೆ. ಶೀನ ಹಾರುತ್ತಿದ್ದ. ತಿಂಗಳು ಮುಗಿಯುವ ಹೊತ್ತಿಗೆ ಕೆಂಪು ಮಣ್ಣಿನಲ್ಲಿ ಅವನ ಆಟ ನೋಡಲು ತಾಲೀಮಿನ ಪೈಲ್ವಾನರೇ ಕಸರತ್ತು ನಿಲ್ಲಿಸಿ ನಿಲ್ಲುತ್ತಿದ್ದರು.

ಕೊನೆಯ ಪಂದ್ಯ ದಂಡಿನ ಮೈದಾನದಲ್ಲಿ, ಗೋರಾ ಸಿಪಾಯಿಗಳ, ಎಂದರೆ ಬಿಳಿಯರ, ತಂಡದ ಮೇಲೆ. ನಾವು ಗೆಲ್ಲಬೇಕಿರಲಿಲ್ಲ, ಸೋಲದಿದ್ದರೆ ಸಾಕು, ಮೊದಲ ದರ್ಜೆ. ಆದರೆ ಮಳೆ ನಿಂತು ಬಿಸಿಲು ಬಿದ್ದು ಮೈದಾನ ಕಲ್ಲಾಗಿತ್ತು. ಅದನ್ನು ನೋಡಿ ನನಗೊಂದು ಬುದ್ಧಿ ಹುಟ್ಟಿತು. ಹೊಸಬ ಇದನ್ನು ಎರಡು ಸಲ ಓದಬೇಕು. ತಾಲೀಮಿನ ಹಿರಿಯರ ಕಾಲು ಹಿಡಿದು, ಎರಡು ಬಂಡಿ ಗರಡಿ ಮಣ್ಣು ಕೇಳಿಕೊಂಡು, ಪಂದ್ಯದ ದಿನ ಬೆಳಿಗ್ಗೆ ಎರಡೂ ಗೋಲುಗಳ ಮುಂದೆ ಹರಡಿದೆ. ಮೇಲೆ ಒಂದು ಕೊಡ ಮಜ್ಜಿಗೆಯನ್ನೂ ಚಿಮುಕಿಸಿದೆ. ಯಾರಿಗೂ ಹೇಳಲಿಲ್ಲ. ಊಟಕ್ಕೆ ಮನೆಗೆ ಹೋದೆ.

ಮಧ್ಯಾಹ್ನ ಬಂದು ನೋಡಿದರೆ ದಂಡಿನ ನಾಯಿಗಳೆಲ್ಲ ಗೋಲಿನಲ್ಲಿ ಮಲಗಿವೆ! ಬಿಸಿಲಿಗೆ ತಂಪು ಮಣ್ಣು, ಮೇಲೆ ಮಜ್ಜಿಗೆಯ ಘಮ, ಅವಕ್ಕೆ ಇನ್ನೇನು ಬೇಕು? ಒಂದು ನೆಕ್ಕುತ್ತಿದೆ, ಒಂದು ತೋಡುತ್ತಿದೆ. ಆಟ ನಡೆಸಿಕೊಡಬೇಕಾದ ಗೋರಾ ಸಾರ್ಜೆಂಟ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ.

"ಯೇ ಕ್ಯಾ ಹೈ?"

ನಾನು ಕೈ ಮುಗಿದು ದೇಸಾಯರ ಹಿಂದೆ ನಿಂತೆ. ದೇಸಾಯರು ನನ್ನ ಮುಖ ನೋಡಿದರು, ಮಣ್ಣು ನೋಡಿದರು, ಎಲ್ಲ ತಿಳಿಯಿತು. ಇಂಗ್ಲಿಷಿನಲ್ಲಿ ಏನೋ ಹೇಳಿದರು. ಸಾರ್ಜೆಂಟ್ ಬಗ್ಗಿ ಮಣ್ಣು ಮೂಸಿ, ಬಾಯಿ ಬಿಟ್ಟು ನಕ್ಕ. ನಕ್ಕು ಮುಗಿಸಿ, ಪೂರ್ತಿ ಗುಡಿಸಿ ತೆಗೆಯಿರಿ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನೇ ಪೊರಕೆ ಹಿಡಿದು ಗುಡಿಸಿದೆ. ಗುಡಿಸುತ್ತ ಒಂದು ಹಿಡಿ ಮಣ್ಣನ್ನು ಹೆಗಲ ಮೇಲಿನ ವಲ್ಲಿಯ ಅಂಚಿಗೆ ಗಂಟು ಹಾಕಿಕೊಂಡೆ.

ಮೊದಲರ್ಧದಲ್ಲಿ ಬಾಬುರಾವ್ ಬರಿಗಾಲಿನಲ್ಲೇ ಒಂದು ಗೋಲು ಹೊಡೆದ. ನಾವು ಕುಣಿದು ಮುಗಿಸುವಷ್ಟರಲ್ಲಿ ಗೋರಾ ಒಬ್ಬ ನೆಲ ಹಿಡಿದು ಎಡ ಮೂಲೆಗೆ ಹೊಡೆದ. ಶೀನ ನಿಂತಲ್ಲಿಂದ ಕಾಲು ಚಾಚಿದ. ಹಳೆಯ ಶೀನ! ಚೆಂಡು ಒಳಗೆ. "ಪಗಾರಿ, ಪಗಾರಿ" ಎಂಬ ಕೂಗು ಎದ್ದಿತು. ದೇಸಾಯರ ಕೊಡೆ ಬಿಚ್ಚಿಕೊಂಡಿತು.

ವಿರಾಮದಲ್ಲಿ ಅವನ ಹತ್ತಿರ ಹೋಗಿ ನೀರಿನ ಲೋಟ ಕೊಟ್ಟೆ. "ನೆಲ ಕಲ್ಲು ವಸ್ತಾದರೆ," ಎಂದ, ತಲೆ ಎತ್ತದೆ.

"ತಮ್ಮಾ, ಹೋಟೆಲಿನ ನೆಲಾ ಏನ ಗಾದಿ ಐತೇನು? ಲೋಟಾ ಹಿಡ್ಕೊಂಡು ಎಡವಿದ್ರ ನೆಲಾ ನೋಡ್ತಿಯೋ ಲೋಟಾ ನೋಡ್ತಿಯೋ?"

ಅವನು ಕೈಯಲ್ಲಿದ್ದ ಲೋಟವನ್ನು ನೋಡಿದ. ನಾನು ವಲ್ಲಿಯ ಗಂಟು ಬಿಚ್ಚಿದೆ. ಗರಡಿಯಲ್ಲಿ ಜೋಡಿಗೆ ಇಳಿಯುವ ಮುಂಚೆ ಮಾಡುವ ಹಾಗೆ ಅವನ ಎರಡೂ ಭುಜಕ್ಕೆ ಮಣ್ಣು ಸವರಿದೆ. ಉಳಿದದ್ದನ್ನು ಅವನೇ ತೆಗೆದುಕೊಂಡು ಮೊಣಕೈಗೆ ಹಚ್ಚಿಕೊಂಡು ಹೋದ.

ಆಟ ಮುಗಿಯಲು ಇನ್ನೇನು ಎರಡು ನಿಮಿಷವಿರಬೇಕು. ಸಮ ಸಮ ನಿಂತಿದ್ದೆವು. ಅದೇ ಗೋರಾ, ಅದೇ ಎಡ ಮೂಲೆ, ನೆಲ ಸವರಿಕೊಂಡು ಚೆಂಡು ಬಂತು. ನನ್ನ ಬಾಯಿಂದ "ಲೋಟಾ!" ಎಂದು ಹೊರಟಿತೋ ಇಲ್ಲವೋ, ಶೀನ ಗಾಳಿಯಲ್ಲಿದ್ದ. ಭುಜ ಕೊಟ್ಟು, ಹೊರಳಿ, ಚೆಂಡನ್ನು ಎದೆಗೆ ಅವಚಿಕೊಂಡು ಆ ಕಲ್ಲು ನೆಲದ ಮೇಲೆ ದಬ್ಬೆಂದು ಬಿದ್ದ.

"ಪಡಲಾ! ಪಡಲಾ!" ಎಂದು ಬಾಬುರಾವ್ ಮೈದಾನದ ನಡುವಿನಿಂದ ಕೂಗಿಕೊಂಡು ಓಡಿ ಬಂದ. ಬಿದ್ದ, ಬಿದ್ದ ಎಂದು ನಮ್ಮ ಉಳಿದ ಹತ್ತೂ ಜನ ಕುಣಿದರು. ತಮ್ಮ ಗೋಲ್‌ಕೀಪರ್ ಬಿದ್ದದ್ದಕ್ಕೆ ಇವರಿಗೆ ಯಾಕಿಷ್ಟು ಖುಷಿ ಎಂದು ಗೋರಾಗಳಿಗೆ ತಿಳಿಯಲೇ ಇಲ್ಲ. ಸೀಟಿ ಆಯಿತು. ಮೊದಲ ದರ್ಜೆ! ದೇಸಾಯರು ಬಿಚ್ಚಿದ ಕೊಡೆಯನ್ನು ಆಕಾಶಕ್ಕೆ ಎಸೆದರು, ಅದು ಸಾರ್ಜೆಂಟನ ಕಾಲ ಹತ್ತಿರ ಬಿತ್ತು, ಅವನು ಅದನ್ನು ಮಡಿಸಿ ಸಲಾಮು ಹೊಡೆದು ವಾಪಸು ಕೊಟ್ಟ. ನಾನು ಅತ್ತೆ. ಭುಜ ಹೋದ ದಿನವೂ ಅಷ್ಟು ಅತ್ತಿರಲಿಲ್ಲ.

ಎಲ್ಲರೂ ಹೆಬ್ಬಾರರ ಹೋಟೆಲಿಗೆ ನಡೆದೆವು. ಸುದ್ದಿ ಮೊದಲೇ ಮುಟ್ಟಿತ್ತು. ಶೀನ ರೂಢಿಯಂತೆ ಅಡಿಗೆಮನೆಯ ಕಡೆ ಹೊರಟ. ಹೆಬ್ಬಾರರು ದುಡ್ಡಿನ ಗಲ್ಲೆಯಿಂದ ಎದ್ದು ಬಂದು ಅವನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು. "ಇವತ್ತು ನೀನು ಕೂತ್ಕೋ ಮಾರಾಯ, ನಾನು ಕೊಡ್ತೇನೆ." ಒಂಬತ್ತು ವರ್ಷದಲ್ಲಿ ಶೀನ ಆ ಬೆಂಚಿನ ಮೇಲೆ ಕೂತದ್ದು ಅದೇ ಮೊದಲು. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ಹೆಬ್ಬಾರರು ದೊಡ್ಡ ತಟ್ಟೆಯಲ್ಲಿ ಚಹಾ ಹಿಡಿದು ಸಂಭ್ರಮದಿಂದ ಬಂದರು. ದೇಸಾಯರ ಕೊಡೆ ದಾರಿಯಲ್ಲಿ ಅಡ್ಡ ಬಿದ್ದಿತ್ತು. ಹೆಬ್ಬಾರರು ಎಡವಿದರು. ತಟ್ಟೆ ಒಂದು ಕಡೆ, ಗ್ಲಾಸುಗಳು ನಾಲ್ಕು ಕಡೆ, ಹೆಬ್ಬಾರರು ನಡುವೆ. ಬಿದ್ದವನಿಗೆ ಇಲ್ಲಿ ಕೆಲಸವಿಲ್ಲ ಎಂಬ ಅವರ ಮಾತು ಹೋಟೆಲಿನ ಆಳುಗಳಿಗೆಲ್ಲ ಗೊತ್ತಿತ್ತು. ಶೀನ ಓಡಿಹೋಗಿ ಅವರನ್ನು ಎಬ್ಬಿಸಿ, ಬಹಳ ವಿನಯದಿಂದ ಹೇಳಿದ:

"ಧಣಿಗಳೇ, ಭುಜ ಕೊಡ್ಬೇಕಿತ್ತು."

ಮೊದಲು ನಕ್ಕವರು ಹೆಬ್ಬಾರರೇ. ಹೊಟ್ಟೆ ಹಿಡಿದುಕೊಂಡು, ಚಹಾದಲ್ಲಿ ತೊಯ್ದ ಪಂಚೆಯಲ್ಲೇ ನಕ್ಕರು. ಅವತ್ತು ಆ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಗರಡಿಯ ಮಣ್ಣು ಹದ ಮಾಡುತ್ತಿದ್ದೆ. ಬಾಗಿಲಲ್ಲಿ ಹೆಬ್ಬಾರರು ನಿಂತಿದ್ದರು. ಪಂಚೆ ಮೇಲೆ ಕಟ್ಟಿ, ಅಂಗಿ ಕಳಚಿ, ಹೊಟ್ಟೆ ಮುಂದೆ ಮಾಡಿಕೊಂಡು. ಹಿಂದೆ ಶೀನ ದೊಡ್ಡ ಕೊಳಗ ಹೊತ್ತಿದ್ದ.

"ನನಗೂ ಹೇಳಿಕೊಡಿ ವಸ್ತಾದರೆ," ಎಂದರು ಹೆಬ್ಬಾರರು, ಹನುಮಪ್ಪನಿಗೆ ಕೈ ಮುಗಿದು. "ಮಜ್ಜಿಗೆ ತಂದಿದ್ದೇನೆ. ನಿಮ್ಮ ಮಣ್ಣಿಗೆ ಕಡಿಮೆ ಉಂಟಂತೆ, ಶೀನ ಹೇಳಿದ."